ಕಿರೀಟ ಕಟ್ಟುವ ಕೈ

ಕ್ರಿಸ್ಟಿಯಾನಿಯಾ, ೧೨ ಜನವರಿ ೧೮೮೫

ಪ್ರಿಯ ಬ್ರೀತಾ,

ಈ ಕಾಗದದ ಜೊತೆ ಒಂದು ಪುಸ್ತಕ ಬರುತ್ತಿದೆ. ಒಲೆಗೆ ಹಾಕುವ ಮೊದಲು ಓದು, ಆಮೇಲೆ ನಿನ್ನ ಇಷ್ಟ. ಹೆಸರು 'ಬರಿತಲೆ'. ಕ್ರಿಸ್‌ಮಸ್ಸಿಗೆ ಮುಂಚೆ ಅಂಗಡಿಗೆ ಬಂದದ್ದು ಆಗಲೇ ಎರಡನೆಯ ಮುದ್ರಣಕ್ಕೆ ಹೋಗಿದೆ. ಒಂದು ಪತ್ರಿಕೆ ನನ್ನನ್ನು ಲಂಗ ತೊಟ್ಟ ಗಂಡಸು ಎಂದು ಬರೆಯಿತು. ಇಲ್ಲಿ ರಾಜಧಾನಿಯ ದೊಡ್ಡ ಚರ್ಚಿನಲ್ಲಿ ಒಬ್ಬರು ಪಾದ್ರಿ ಅರ್ಧ ಗಂಟೆ ನನ್ನನ್ನೇ ಬೈದರಂತೆ, ಮಾರನೆಯ ದಿನ ಪುಸ್ತಕದಂಗಡಿಯಲ್ಲಿ ಪ್ರತಿ ಉಳಿಯಲಿಲ್ಲ. ಅವರಿಗೆ ಒಂದು ಡಬ್ಬಿ ಬೆಣ್ಣೆ ಕಳಿಸಬೇಕು ಎಂದುಕೊಂಡಿದ್ದೇನೆ.

ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿಯರ ದವಡೆ ರಂಜಕದ ಹೊಗೆಗೆ ಕೊಳೆಯುವುದರ ಬಗ್ಗೆ ಹಿಂದೆ ಬರೆದಾಗ ಈ ಊರಿನ ದೊಡ್ಡವರು ಮೂಗು ಮುಚ್ಚಿಕೊಂಡು ಸುಮ್ಮನಿದ್ದರು. ಈ ಸಲ ಹಾಗಾಗಿಲ್ಲ. ಯಾಕೆಂದರೆ ಇದು ಕಾರ್ಖಾನೆಯ ಕಥೆಯಲ್ಲ, ಅವರವರ ಅಮ್ಮಂದಿರ ಕಥೆ. ನಮ್ಮ ಊರು ಎಯ್ಡನೆಸ್ಸಿನಲ್ಲಿ ನಡೆಯುವುದನ್ನೇ ಬರೆದಿದ್ದೇನೆ. ಕನ್ಯೆಯಾಗಿ ಉಳಿದವಳಿಗೆ ಮಾತ್ರ ಮದುವೆಯ ದಿನ ಬೆಳ್ಳಿ ಕಿರೀಟ, ಅಲ್ಲದವಳು ತಲೆಗೆ ಬಟ್ಟೆ ಕಟ್ಟಿಕೊಂಡು ಎಲ್ಲರ ಕಣ್ಣೆದುರು ಚರ್ಚಿಗೆ ನಡೆಯಬೇಕು. ಆ ಬೆಳಗ್ಗೆ ಮೂವರು ಹೆಂಗಸರ ಮುಂದೆ, ಅದನ್ನು ತಲೆಗೆ ಕಟ್ಟುವ ಕಿರೀಟದ ಹೆಂಗಸು "ಇದಕ್ಕೆ ನೀನು ಯೋಗ್ಯಳಾ?" ಎಂದು ಕೇಳುತ್ತಾಳೆ. ಅಲ್ಲಿಗೆ ಹುಡುಗಿಯ ಹಣೆಬರಹ ತೀರ್ಮಾನ.

ಕೊನೆಯಲ್ಲಿ ಹುಡುಗಿ ಫ್ಯೋರ್ಡಿನ ನೀರಿಗೆ ಹಾರಿ ಸಾಯಲಿ, ಓದುಗರು ಅಳುತ್ತಾರೆ ಎಂದು ಕೋಪನ್‌ಹೇಗನ್ನಿನ ನನ್ನ ಪ್ರಕಾಶಕ ಅಂಗಲಾಚಿದ. ನಾನು ಒಪ್ಪಲಿಲ್ಲ. ನನ್ನ ಹುಡುಗಿ ಹಡಗು ಹತ್ತಿ ಹೋಗುತ್ತಾಳೆ. ಸಾಯುವ ಹುಡುಗಿಯರ ಪುಸ್ತಕಗಳು ಬೇಕಾದಷ್ಟಿವೆ.

ಅದರಲ್ಲಿನ ಕಿರೀಟದ ಹೆಂಗಸು ನೀನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಬ್ರೀತಾ, ನಿನ್ನ ಅಮ್ಮನ ನಂತರ ಆ ಕೆಲಸ ನಿನ್ನ ಕೈಗೆ ಬಂದಿದೆ. ಓದುವಾಗ ಚುಚ್ಚಿದರೆ ಚುಚ್ಚಲಿ.

ನಿನ್ನ
ಸುನ್ನಿವಾ

*

ಎಯ್ಡನೆಸ್, ೯ ಫೆಬ್ರವರಿ ೧೮೮೫

ಸುನ್ನಿವಾ,

ನಿನ್ನ ಪುಸ್ತಕವನ್ನು ಒಲೆಗೆ ಹಾಕಲಿಲ್ಲ. ಹಾಕೋಣವೆಂದರೆ ಅದು ಮನೆಯಲ್ಲಿ ಇದ್ದರೆ ತಾನೇ? ನಾನು ಓದಿ ಮುಗಿಸುವುದಕ್ಕೆ ಮುಂಚೆಯೇ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ದೋಣಿಯಲ್ಲಿ ಆಚೆ ದಡಕ್ಕೆ. ಈಗ ಚರ್ಚಿನ ಮೇಲ್ವಿಚಾರಕ ಟೊರ್ಕೆಲ್ ಮನೆಯಲ್ಲಿದೆ. ಅವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಹೆಂಡತಿ ಯೊರುನ್ ಬೆಣ್ಣೆ ಕಡೆಯುತ್ತ ಓದಿ ಹೇಳುತ್ತಿದ್ದಾಳಂತೆ. ನೀನು ಬೈದಿರುವ ಕಡೆಯೆಲ್ಲ ಅವಳ ದನಿ ಜೋರಾಗುತ್ತದಂತೆ.

ಕಿರೀಟದ ಹೆಂಗಸು ನಾನಲ್ಲ ಎಂದೆ. ಅವಳ ಗದ್ದದ ಮೇಲೆ ಒಂದು ನರಹುಲಿ ಇಟ್ಟಿದ್ದೀಯ. ಅದು ನನ್ನ ಅಮ್ಮನದು, ಅವಳ ಜೊತೆಯೇ ಮಣ್ಣಾಯಿತು. ಆದರೆ ಓದಿದವರೆಲ್ಲ ಈಗ ಮಾತಾಡುವಾಗ ನನ್ನ ಗದ್ದ ನೋಡುತ್ತಾರೆ. ಹಾಲು ತರುವ ಹುಡುಗಿಯಂತೂ ಹತ್ತಿರ ಬಂದು ಬಗ್ಗಿಯೇ ನೋಡಿದಳು.

ಅದು ಹೋಗಲಿ. ನಡೆದದ್ದನ್ನು ಹೇಳುತ್ತೇನೆ. ನಿನ್ನ ಪುಸ್ತಕದಲ್ಲಿ ಆ ಹೆಂಗಸು ಒಂದು ಕಡೆ, ಕಿರೀಟ ಹೊತ್ತವರಲ್ಲಿ ಅರ್ಧ ಜನ ಸುಳ್ಳು ಹೇಳಿದವರು ಎನ್ನುತ್ತಾಳಲ್ಲ, ಟೊರ್ಕೆಲ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಓದಿದ ಹೆಂಗಸೇ ಬರೆದಿದ್ದಾಳೆ, ನಮ್ಮೂರಿನವಳೇ ಬೇರೆ, ಸುಮ್ಮನೆ ಬರೆಯುತ್ತಾಳಾ ಎಂದ. ಹೊಸ ಪಾದ್ರಿ ಪೇಟೆಯಿಂದ ಬಂದವನು, ಅವನಿಗೂ ಏನಾದರೂ ಮಾಡಿ ತೋರಿಸಬೇಕಿತ್ತು. ಊರ ಹಿರಿಯರ ಸಭೆ ಸೇರಿತು. ಇನ್ನು ಮುಂದೆ ಅಡುಗೆಮನೆಯಲ್ಲಿ ಕೇಳಿದರೆ ಸಾಲದಂತೆ. ಚರ್ಚಿನ ಬಾಗಿಲಲ್ಲಿ, ಎಲ್ಲರ ಎದುರು, ಪಾದ್ರಿ ಪಕ್ಕದಲ್ಲಿ ನಿಂತಿರುವಾಗ ನಾನು ಆ ಪ್ರಶ್ನೆ ಕೇಳಬೇಕಂತೆ. ಸುಳ್ಳು ಹೇಳಲು ಯಾರಿಗೂ ಧೈರ್ಯ ಬರಬಾರದು, ಅದಕ್ಕೆ.

ನನ್ನ ತಂಗಿಯ ಮಗಳು ಮಾರ್ತಾ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಹುಟ್ಟಿದವಳು. ಅವಳಮ್ಮ ತೀರಿಕೊಂಡಾಗಿನಿಂದ ನಾನೇ ಸಾಕಿದ್ದೇನೆ. ಜೂನ್ ಕೊನೆಯಲ್ಲಿ, ಮಿಡ್‌ಸಮ್ಮರ್ ಹಬ್ಬದ ದಿನ ಅವಳ ಮದುವೆ. ಹುಡುಗ ಐಲಿಫ್, ಟೊರ್ಕೆಲ್‌ನ ಹಿರಿಯ ಮಗ. ದೋಣಿ ಕಟ್ಟುತ್ತಾನೆ, ಒಳ್ಳೆಯವನು. ಈ ಹೊಸ ಕಟ್ಟಳೆಯ ಮೊದಲ ಮದುವೆ ಅದೇ.

ನಿನಗೆ ಹೆಸರು ಬಂದದ್ದಕ್ಕೆ ಸಂತೋಷ. ನಮಗೆ ಬಂದದ್ದು ಇದು.

ಬ್ರೀತಾ

*

ಕ್ರಿಸ್ಟಿಯಾನಿಯಾ, ೧ ಮಾರ್ಚ್ ೧೮೮೫

ಪ್ರಿಯ ಬ್ರೀತಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಮೈ ಉರಿಯಿತು. ಆ ಕಟ್ಟಳೆ ಎಷ್ಟು ಕ್ರೂರ ಎಂದು ಮುನ್ನೂರು ಪುಟ ಬರೆದರೆ, ನಮ್ಮ ಜನ ಅದನ್ನು ಓದಿ, ಕಟ್ಟಳೆಯಲ್ಲಿ ಎಲ್ಲಿ ತೂತಿದೆ ಎಂದು ಹುಡುಕಿ ಮುಚ್ಚಿದ್ದಾರೆ! ಇದು ಎಯ್ಡನೆಸ್ಸಿನಲ್ಲಿ ಮಾತ್ರ ಸಾಧ್ಯ. ಮೊನ್ನೆ ಕಾರ್ಮಿಕರ ಸಂಘದಲ್ಲಿ ಭಾಷಣ ಮಾಡುವಾಗ ಇದನ್ನು ಹೇಳಿದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಬಟ್ಟೆ ಒಗೆಯುವ ಹೆಂಗಸರು ಎದ್ದು ನಿಂತರು.

ನಾನು ಪತ್ರಿಕೆಗೆ ಬರೆಯುತ್ತೇನೆ. ಊರಿನ ಹೆಸರು, ಪಾದ್ರಿಯ ಹೆಸರು, ಟೊರ್ಕೆಲ್‌ನ ಹೆಸರು ಎಲ್ಲ ಹಾಕುತ್ತೇನೆ. ರಾಜಧಾನಿ ಪೂರ್ತಿ ಅವರನ್ನು ನೋಡಿ ನಗುವಂತೆ ಮಾಡುತ್ತೇನೆ. ನೀನು ಹೂಂ ಎಂದರೆ ಸಾಕು.

ಆದರೆ ನಿನಗೂ ಒಂದು ಮಾತು ಹೇಳಬೇಕು. ಕಿರೀಟ ನಿನ್ನ ಪೆಟ್ಟಿಗೆಯಲ್ಲಿದೆ. ಪ್ರಶ್ನೆ ಕೇಳುವ ಬಾಯಿ ನಿನ್ನದು. ಅಡುಗೆಮನೆಯಲ್ಲಿ ಇಷ್ಟು ವರ್ಷ ಕೇಳಿದವಳಿಗೆ ಚರ್ಚಿನ ಬಾಗಿಲಲ್ಲಿ ಕೇಳಲು ಮಾತ್ರ ಯಾಕೆ ಸಂಕಟ? ಪಿಸುಗುಟ್ಟಿ ಕೇಳಿದರೆ ಅದು ಬೇರೆ ಪ್ರಶ್ನೆಯಾಗುತ್ತದೆಯೇ? ಅದನ್ನು ಫ್ಯೋರ್ಡಿಗೆ ಎಸೆದುಬಿಡು. ನಿನ್ನ ಕೈಯಿಂದ ಆಗದಿದ್ದರೆ ನನಗೆ ಕಳಿಸು, ಕರಗಿಸಿ ಚಮಚ ಮಾಡಿಸುತ್ತೇನೆ.

ಮತ್ತೆ ಮಾರ್ತಾಗಾಗಿ ನೀನು ಹೆದರಬೇಕಾಗಿಲ್ಲ. ನೀನು ಬೆಳೆಸಿದ ಹುಡುಗಿ ಒಳ್ಳೆಯವಳೇ ಆಗಿರುತ್ತಾಳೆ. ತಲೆಯೆತ್ತಿ ಹೌದು ಎಂದರಾಯಿತು.

ನಿನ್ನ
ಸುನ್ನಿವಾ

*

ಎಯ್ಡನೆಸ್, ಈಸ್ಟರ್ ಸೋಮವಾರ, ೬ ಏಪ್ರಿಲ್ ೧೮೮೫

ಸುನ್ನಿವಾ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆದಿದ್ದರೆ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಈಗಲೂ ಸ್ವಲ್ಪ ಇರುತ್ತದೆ, ತಡೆದುಕೋ.

"ಒಳ್ಳೆಯವಳೇ ಆಗಿರುತ್ತಾಳೆ." ನೀನು, ಆ ಪುಸ್ತಕ ಬರೆದವಳು, ನಿನ್ನ ಕೈಯಾರೆ ಈ ಮಾತು ಬರೆದಿದ್ದೀಯ. ನಾನು ಅದನ್ನು ಮೂರು ಸಲ ಓದಿದೆ. ಟೊರ್ಕೆಲ್ ಬರೆದಿದ್ದರೂ ಇದೇ ಮಾತನ್ನು ಬರೆಯುತ್ತಿದ್ದ.

ಮಾರ್ತಾಗೆ ಸೆಪ್ಟೆಂಬರಿನಲ್ಲಿ ಮಗು ಆಗುತ್ತದೆ. ಐಲಿಫ್‌ನದೇ. ಇಬ್ಬರೂ ಚಳಿಗಾಲದಲ್ಲೇ ನನಗೆ ಹೇಳಿದರು, ಹೇಳುವಾಗ ಅವನೇ ಹೆಚ್ಚು ಅತ್ತ. ಫೆಬ್ರವರಿಯಲ್ಲಿ ನಿನಗೆ ಬರೆಯುವಾಗಲೇ ನನಗೆ ಗೊತ್ತಿತ್ತು. ಬರೆಯಲಿಲ್ಲ, ಯಾಕೆಂದರೆ ಬರೆದದ್ದನ್ನೆಲ್ಲ ನೀನು ಅಚ್ಚು ಹಾಕಿಸುತ್ತೀಯ. ಮದುವೆಯನ್ನು ಹಿಂದಕ್ಕೆ ತಂದು ಬೇಗ ಮಾಡೋಣವೆಂದರೆ ಯಾಕೆ ಎಂದು ಟೊರ್ಕೆಲ್ ಕೇಳುತ್ತಾನೆ. ಕಿರೀಟವಿಲ್ಲದೆ ಬರುವ ಸೊಸೆಯನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದು ಅವನು ಸಭೆಯಲ್ಲೇ ಹೇಳಿ ಕೂತಿದ್ದಾನೆ. ಅವಳ ಹೊಟ್ಟೆಯಲ್ಲಿರುವುದು ತನ್ನದೇ ಮೊಮ್ಮಗು ಎಂದು ಅವನಿಗೆ ಗೊತ್ತಿಲ್ಲ.

ಈಗ ಇನ್ನೊಂದು ಮಾತು ಕೇಳು. ಕಿರೀಟ ನನ್ನ ಕೈಗೆ ಬಂದ ಮೇಲೆ ಆ ಪ್ರಶ್ನೆಯನ್ನು ನಾನು ಒಂದೇ ಒಂದು ಸಲವೂ ಕೇಳಿಲ್ಲ. ಮೂವರು ಹೆಂಗಸರು ಬರುತ್ತಾರೆ, ಕಾಫಿ ಕುಡಿಯುತ್ತಾರೆ. ನಾನು ಹುಡುಗಿಯನ್ನು ಕೂರಿಸಿ, ಜಡೆ ಹೆಣೆದು, ಕಿರೀಟ ಇಟ್ಟು, ರಿಬ್ಬನ್ನನ್ನು ಕೂದಲಿಗೆ ಸೇರಿಸಿ ಹೊಲಿಯುತ್ತೇನೆ. ಹೊಟ್ಟೆ ಕಂಡರೆ ಮುಂದಿನ ಬಟ್ಟೆಯನ್ನು ಸ್ವಲ್ಪ ಮೇಲಕ್ಕೆ ಎಳೆದು ಕಟ್ಟುತ್ತೇನೆ. ಯಾರೂ ಏನೂ ಕೇಳುವುದಿಲ್ಲ, ಯಾರೂ ಏನೂ ಹೇಳುವುದಿಲ್ಲ. ನಾನು ಪ್ರಶ್ನೆ ಕೇಳುವುದಿಲ್ಲವೆಂದು ಊರಿನ ಹೆಂಗಸರಿಗೆಲ್ಲ ಗೊತ್ತು, ಒಬ್ಬ ಗಂಡಸಿಗೂ ಗೊತ್ತಿಲ್ಲ. ಹಾಗೆ ನಡೆದುಕೊಂಡು ಬಂದಿತ್ತು, ನೀನು ದೀಪ ಹಿಡಿದುಕೊಂಡು ಬರುವವರೆಗೆ.

ನಿನ್ನ ಬಟ್ಟೆ ಒಗೆಯುವ ಹೆಂಗಸರು ಎದ್ದು ನಿಂತರು ಎಂದೆ. ಸಂತೋಷ. ನನ್ನ ಹುಡುಗಿ ಎಲ್ಲಿ ನಿಲ್ಲಬೇಕು ಹೇಳು.

ಬ್ರೀತಾ

*

ಕ್ರಿಸ್ಟಿಯಾನಿಯಾ, ೨ ಮೇ ೧೮೮೫

ಬ್ರೀತಾ,

ನಿನ್ನ ಕಾಗದ ಬಂದ ದಿನ ಒಂದು ಭಾಷಣ ಇತ್ತು. ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಮನೆಯೊಡತಿ ನಂಬಿ ಗಂಜಿ ಮಾಡಿಕೊಟ್ಟಳು, ಕುಡಿದೆ.

ನಿನ್ನನ್ನು ನಾನು ತಪ್ಪು ತಿಳಿದೆ. ಇಷ್ಟು ವರ್ಷ ತಪ್ಪು ತಿಳಿದಿದ್ದೆ. 'ಒಳ್ಳೆಯವಳು' ಎಂಬ ಮಾತು ನನ್ನ ಪೆನ್ನಿನಿಂದ ಹೇಗೆ ಬಂತು ಎಂದು ಯೋಚಿಸಿದಷ್ಟೂ ನಾಚಿಕೆಯಾಗುತ್ತದೆ. ಎಯ್ಡನೆಸ್ ಬಿಟ್ಟು ಬಂದೆ ಎಂದುಕೊಂಡಿದ್ದೆ, ಅದು ನನ್ನೊಳಗೇ ಬೆಚ್ಚಗೆ ಕೂತಿದೆ.

ಆದರೂ ಪುಸ್ತಕ ಬರೆದದ್ದು ತಪ್ಪು ಎಂದು ಹೇಳಲಾರೆ. ನೀನು ಬೈದರೂ ಸರಿ. ಒಲೆಯ ಪಕ್ಕ ನಿಂತು ಬರೆಯುವುದು ನನ್ನ ಅಭ್ಯಾಸ, ಈ ವಾರವೆಲ್ಲ ಅಲ್ಲಿ ನಿಂತು ಬರೆದದ್ದು ಇದೊಂದೇ ಕಾಗದ, ಹರಿದು ಹರಿದು. ಅದಕ್ಕೇ ನೇರವಾಗಿ ಹೇಳುತ್ತೇನೆ. ನೀನು ಕೊಟ್ಟದ್ದು ದಯೆ. ದಯೆ ಕೊಡುವವರ ಜೊತೆ ಹೋಗಿಬಿಡುತ್ತದೆ. ನಾಳೆ ನಿನ್ನ ಕೈ ನಡುಗತೊಡಗಿದರೆ ಕಿರೀಟ ಯಾರ ಕೈಗೆ ಹೋಗುತ್ತದೆ? ನಿನ್ನ ಅಮ್ಮನಂಥವಳ ಕೈಗೆ ಹೋದರೆ? ನಿನ್ನ ಹುಡುಗಿಯರೆಲ್ಲ ಕಿರೀಟ ಹೊತ್ತರು, ನಿಜ. ಆದರೆ ಒಬ್ಬೊಬ್ಬಳೂ ತಾನೊಬ್ಬಳೇ ಕಳ್ಳಿ ಎಂದುಕೊಂಡು ಹೊತ್ತಳು. ಅವರಲ್ಲಿ ಒಬ್ಬಳಾದರೂ ತನ್ನ ಮಗಳಿಗೆ ಅದನ್ನು ಹೇಳಿರಬಹುದೇ?

ಮಾರ್ತಾ ಎಲ್ಲಿ ನಿಲ್ಲಬೇಕು ಎಂದು ಕೇಳಿದೆ. ಅವಳನ್ನೇ ಕೇಳು. ನಾನಾಗಲಿ ನೀನಾಗಲಿ ತೀರ್ಮಾನ ಮಾಡುವುದು ಬೇಡ.

ನಾನು ಬರಲೇ? ಪತ್ರಿಕೆಗೆ ಬರೆಯಲೇ? ಬೇಡವೆಂದರೆ ಬೇಡ.

ಸುನ್ನಿವಾ

*

ಎಯ್ಡನೆಸ್, ೨೦ ಮೇ ೧೮೮೫

ಸುನ್ನಿವಾ,

ಬರಬೇಡ. ಬರೆಯಬೇಡ. ನೀನು ಬಂದರೆ ಎಲ್ಲರೂ ನಿನ್ನನ್ನೇ ನೋಡುತ್ತಾರೆ. ಅದು ಮಾರ್ತಾಳ ದಿನ.

ಕಳ್ಳಿ ಎಂದೆಯಲ್ಲ, ಆ ಮಾತು ನನಗೆ ನಿದ್ದೆ ಕೊಡಲಿಲ್ಲ. ಯಾಕೆಂದರೆ ಯೊರುನ್ ಇವತ್ತಿಗೂ ಕಿರೀಟ ನೋಡಿದರೆ ಮುಖ ತಿರುಗಿಸುತ್ತಾಳೆ. ಮಾರ್ತಾಳನ್ನು ಕೇಳಿದೆ. ಅವಳು ಹೇಳಿದ್ದನ್ನು ಆಮೇಲೆ ಬರೆಯುತ್ತೇನೆ.

ಕೆಂಪು ರೇಷ್ಮೆ ರಿಬ್ಬನ್ ಕಳಿಸು. ಅಗಲದ್ದು, ಗಟ್ಟಿ ಇರಲಿ. ಇಲ್ಲಿ ಅಂಗಡಿಯಲ್ಲಿ ಸಿಗುವುದು ಎಳೆದರೆ ಕಿತ್ತು ಬರುತ್ತದೆ. ಈ ಸಲದ್ದು ಕಿತ್ತು ಬರಬಾರದು.

ಬ್ರೀತಾ

*

ಕ್ರಿಸ್ಟಿಯಾನಿಯಾ, ೩೦ ಮೇ ೧೮೮೫

ಬ್ರೀತಾ,

ರಿಬ್ಬನ್ ಕಳಿಸಿದ್ದೇನೆ. ಅಂಗಡಿಯವನು ಯಾವುದಕ್ಕೆ ಎಂದು ಕೇಳಿದ. ಹಡಗನ್ನು ದಡಕ್ಕೆ ಕಟ್ಟಿ ನಿಲ್ಲಿಸುವುದಕ್ಕೆ ಎಂದೆ. ಕೌಂಟರಿನ ಕಾಲಿಗೆ ಸುತ್ತಿ ನಾನೇ ಜಗ್ಗಿ ನೋಡಿದ್ದೇನೆ. ಕಿತ್ತು ಬರುವುದಿಲ್ಲ.

ಸುನ್ನಿವಾ

*

ಎಯ್ಡನೆಸ್, ೨೯ ಜೂನ್ ೧೮೮೫

ನನ್ನ ಸುನ್ನಿವಾ,

ಮದುವೆ ಮುಗಿಯಿತು. ಪಾತ್ರೆಗಳನ್ನು ತಿಕ್ಕಿ ಅವರವರ ಮನೆಗೆ ಕಳಿಸಿ, ಈಗ ಕಾಲು ಚಾಚಿ ಕೂತಿದ್ದೇನೆ. ಒಂದೂ ಬಿಡದೆ ಬರೆಯುತ್ತೇನೆ, ನಿನಗೆ ಬೇಕಾದರೆ ಅಚ್ಚು ಹಾಕಿಸು.

ಬೆಳಗ್ಗೆ ಮೂವರು ಹೆಂಗಸರು ಬಂದು ಕೂತರು. ಮೂರನೆಯವಳು ಯೊರುನ್, ಗಂಡಿನ ತಾಯಿ ಬರಬೇಕಾದದ್ದು ಪದ್ಧತಿ. ಮಾರ್ತಾಳ ನಡುವಿನ ಬಟ್ಟೆ ಕಟ್ಟುವಾಗ ನಾನು ಅಭ್ಯಾಸಬಲದಿಂದ ಮೇಲಕ್ಕೆ ಎಳೆದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಬಿಗಿ ಮಾಡಬೇಡ ದೊಡ್ಡಮ್ಮ. ಮೇ ತಿಂಗಳಲ್ಲೇ ಹೇಳಿದ್ನಲ್ಲ. ಬಚ್ಚಿಟ್ಕೊಂಡು ಹೋಗೋದಾದ್ರೆ ನಂಗೆ ಕಿರೀಟಾನೇ ಬೇಡ."

ಸಡಿಲವಾಗಿ ಕಟ್ಟಿದೆ. ಆರು ತಿಂಗಳ ಹೊಟ್ಟೆ, ಹೇಗಿತ್ತೋ ಹಾಗೇ ಕಂಡಿತು. ಯೊರುನ್ ನೋಡಿದಳು, ಕಾಫಿ ಬಟ್ಟಲು ಕೆಳಗಿಟ್ಟಳು. ನಾನು ಕಿರೀಟ ಇಟ್ಟು ನಿನ್ನ ರಿಬ್ಬನ್ನನ್ನು ಜಡೆಯ ಒಳಗಿನಿಂದ ತಂದು ಹೊಲಿದೆ. ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಹೊಲಿದವಳಲ್ಲ.

ಮುಂದಿನ ದೋಣಿಯಲ್ಲಿ ಪಿಟೀಲು, ಹಿಂದೆ ನಾವು. ಗಾಳಿ ಇರಲಿಲ್ಲ, ನೀರು ನಿಂತಂತಿತ್ತು, ಕಿರೀಟದ ಅಂಚಿಗೆ ತೂಗುವ ಗಿಲೀಟು ಎಲೆಗಳು ಒಂದಕ್ಕೊಂದು ತಾಗುವ ಸದ್ದು ದಡದವರೆಗೂ ಕೇಳುತ್ತಿತ್ತು. ಚರ್ಚಿನ ಬಾಗಿಲಲ್ಲಿ ಪಾದ್ರಿ, ಪಕ್ಕದಲ್ಲಿ ಟೊರ್ಕೆಲ್, ಹಿಂದೆ ಇಡೀ ಊರು. ಮಾರ್ತಾ ದೋಣಿಯಿಂದ ಇಳಿದು ಏರು ಹತ್ತಿ ಬರುವುದನ್ನು ನೋಡುತ್ತ ನೋಡುತ್ತ ಟೊರ್ಕೆಲ್‌ನ ಮುಖ ಬೀಟ್‌ರೂಟ್ ಆಯಿತು. ಪಾದ್ರಿ ಗಂಟಲು ಸರಿಮಾಡಿಕೊಂಡು, ಪ್ರಶ್ನೆ ಕೇಳಿ ಎಂದು ನನಗೆ ಹೇಳಿದ.

ನಾನು ಬಾಯಿ ತೆರೆಯುವ ಮೊದಲೇ ಮಾರ್ತಾ ಮಾತಾಡಿದಳು.

"ದೊಡ್ಡಮ್ಮನ್ನ ಯಾಕೆ ಕೇಳಿಸ್ತೀರಾ, ನಾನೇ ಹೇಳ್ತೀನಿ. ಸೆಪ್ಟೆಂಬರಲ್ಲಿ ನಂಗೆ ಮಗು ಆಗುತ್ತೆ. ಐಲಿಫ್‌ದು. ಕಿರೀಟಾನೂ ಹಾಕ್ಕೊಂಡಿದೀನಿ. ಎರಡೂ ನಿಮ್ಮ ಕಣ್ಣಿಗೆ ಕಾಣ್ತಿದೆ."

ಐಲಿಫ್ ಅವಳ ಪಕ್ಕಕ್ಕೆ ಬಂದು ನಿಂತ. ಈ ಸಲ ಅಳಲಿಲ್ಲ. ಟೊರ್ಕೆಲ್, ಕಿರೀಟ ತೆಗೆಯಿರಿ ಎಂದು ಕೂಗಿದ. ಪಾದ್ರಿ ನನ್ನ ಕಡೆ ತಿರುಗಿ ಅದನ್ನೇ ಮೆತ್ತಗೆ ಹೇಳಿದ. ನಾನು ಎರಡೂ ಕೈಗಳನ್ನು ಏಪ್ರನ್ನಿನ ಒಳಗೆ ಸೇರಿಸಿಕೊಂಡೆ.

"ನನ್ನ ಕೆಲಸ ಕಟ್ಟೋದು," ಎಂದೆ. "ಬಿಚ್ಚೋದು ರಾತ್ರಿ ಮದುವೆಮನೇಲಿ ಕಿರೀಟದ ಕುಣಿತ ಆದ್ಮೇಲೆ. ಅಲ್ಲೀತಂಕ ನನ್ನ ಕೈ ಬರಲ್ಲ."

ಆಗ ಪಾದ್ರಿ, ಪಾಪ ಪೇಟೆಯವನು, ತಾನೇ ಕೈ ಚಾಚಿದ. ಹಾಗೆ ಚಾಚಿದ್ದೇ ತಡ, ಅವನ ತೋಳು ಹಿಡಿದು ಹಿಂದಕ್ಕೆ ಎಳೆದವನು ಯಾರು ಗೊತ್ತೇ? ಟೊರ್ಕೆಲ್! ಕಟ್ಟಿದ ಕೈಯಲ್ಲದೆ ಬೇರೆ ಕೈ ಕಿರೀಟ ಮುಟ್ಟಬಾರದು, ಅದೂ ಗಂಡಸಿನ ಕೈ ಮುಟ್ಟಿದರೆ ಆ ವರ್ಷ ದೋಣಿಗಳು ಮನೆಗೆ ಬರುವುದಿಲ್ಲ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಪದ್ಧತಿ ಪದ್ಧತಿ ಎಂದು ವರ್ಷಪೂರ್ತಿ ಕುಣಿದವನು ಅವನೇ. ಈಗ ತೆಗೆಯಿರಿ ಎನ್ನಬೇಕು, ಆದರೆ ತೆಗೆಯಲು ಕೈ ಇಲ್ಲ. ಪಾದ್ರಿಯ ತೋಳನ್ನು ಹಿಡಿದುಕೊಂಡೇ ನಿಂತ. ಬಿಟ್ಟರೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಆಗ ಯೊರುನ್ ಮುಂದೆ ಬಂದಳು. ಇಪ್ಪತ್ತಮೂರು ವರ್ಷ ಬಾಯಿ ಬಿಡದವಳು, ಹಸು ಎಷ್ಟು ಹಾಲು ಕೊಟ್ಟಿತು ಎಂದು ಹೇಳುವ ದನಿಯಲ್ಲಿ ಹೇಳಿದಳು.

"ಪಾದ್ರಿ ತೋಳು ಬಿಡ್ರೀ. ಬ್ರೀತಾ ಮೊದಲು ಕಿರೀಟ ಕಟ್ಟಿದ್ದೇ ನಂಗೆ. ನಮ್ಮ ಮದುವೆ ಆಗಿದ್ದು ಯಾವಾಗ, ಐಲಿಫ್ ಹುಟ್ಟಿದ್ದು ಯಾವಾಗ, ಇಲ್ಲೇ ಎಲ್ಲರ ಮುಂದೆ ಲೆಕ್ಕ ಹಾಕೋಣ್ವಾ? ನಿಮಗೇನು ಆಗ ಗೊತ್ತಿರಲಿಲ್ವಾ?"

ಆಮೇಲೆ ಹಿಂದಿನಿಂದ ಯಾರೋ ಒಬ್ಬಳು ನಕ್ಕಳು. ಇನ್ನೊಬ್ಬಳು "ನಂಗೂ" ಎಂದಳು. ಆಮೇಲೆ ಮತ್ತೊಬ್ಬಳು. ಅಜ್ಜಿಯಾದವಳೊಬ್ಬಳು ಕೋಲೆತ್ತಿದಳು. ಗಂಡಸರು ತಮ್ಮ ತಮ್ಮ ಹೆಂಡತಿಯರ ಮುಖ ನೋಡಿ, ಆಮೇಲೆ ಕೈಯಲ್ಲಿದ್ದ ಟೋಪಿ ನೋಡಿಕೊಂಡು ನಿಂತರು. ಟೊರ್ಕೆಲ್ ಪಾದ್ರಿಯ ತೋಳು ಬಿಟ್ಟ. ಒಳಗೆ ಹೋಗೋಣ, ಮನೆಯಲ್ಲಿ ಮದುವೆಯ ಕೆನೆಗಂಜಿ ಆರುತ್ತದೆ ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ನಿರೀಕ್ಷಿಸಬೇಡ. ಮದುವೆಯಾಗಿ ಬಂದ ಸೊಸೆ ಅವನ ಮನೆಯ ಹೊಸ್ತಿಲು ದಾಟಿದಳು, ದಾಟುವಾಗ ಅವನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ನೀನು ಹೇಳಿದ್ದು ಸರಿ. ಒಬ್ಬೊಬ್ಬಳೂ ಒಬ್ಬಳೇ ಎಂದುಕೊಂಡಿದ್ದಳು. ಆವತ್ತು ಅಂಗಳದಲ್ಲಿ ಒಬ್ಬರನ್ನೊಬ್ಬರು ನೋಡಿದರು. ಇದನ್ನು ನನ್ನ ದಯೆ ಮಾಡಿದ್ದಲ್ಲ, ನಿನ್ನ ಹಾಳು ಪುಸ್ತಕ ಮಾಡಿತು.

ಒಂದು ಮಾತು ಉಳಿದಿದೆ. ಯೊರುನ್‌ಗೆ ನಾನು ಯಾಕೆ ಪ್ರಶ್ನೆ ಕೇಳಲಿಲ್ಲ ಎಂದು ನೀನು ಕೇಳಲಿಲ್ಲ. ಅವಳ ಮದುವೆಗೂ ಹಿಂದಿನ ಬೇಸಿಗೆ ಅದೇ ಅಡುಗೆಮನೆಯಲ್ಲಿ ಅದೇ ಕುರ್ಚಿಯ ಮೇಲೆ ನೀನು ಮದುಮಗಳಾಗಿ ಕೂತಿದ್ದೆ. ನಾನು ಸೂಜಿ ಹಿಡಿದುಕೊಂಡು ನಿಂತಿದ್ದೆ. ಇದಕ್ಕೆ ನೀನು ಯೋಗ್ಯಳಾ ಎಂದು ಅಮ್ಮ ಕೇಳಿದಳು. ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು, ಎಲ್ಲರೂ ಹೇಳುತ್ತಿದ್ದರು. ನೀನು ಇಲ್ಲ ಎಂದೆ. ಗಂಡಿನ ಕಡೆಯವರು ದೋಣಿ ತಿರುಗಿಸಿಕೊಂಡು ಹೋದರು, ನೀನು ಬೆರ್ಗೆನ್‌ಗೆ ಹಡಗು ಹತ್ತಿದೆ. ಮುಂದೆ ಏನಾಯಿತೆಂದು ನಾನು ಯಾವತ್ತೂ ಕೇಳಲಿಲ್ಲ, ನೀನು ಹೇಳಲಿಲ್ಲ. ಪುಸ್ತಕ ಊರು ಸುತ್ತಿ ವಾಪಸ್ಸು ಬಂದ ಮೇಲೆ, ನಿನ್ನ ಹುಡುಗಿ ಹಡಗು ಹತ್ತುವುದನ್ನು ಓದಿ, ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ನಾನು ಈ ಕೆಲಸ ಕಲಿತದ್ದು ಅಮ್ಮನಿಂದ ಎಂದು ನೀನು ತಿಳಿದಿದ್ದೆ. ಹೊಲಿಯುವುದನ್ನು ಮಾತ್ರ ಅವಳಿಂದ ಕಲಿತೆ. ಕೇಳದಿರುವುದನ್ನು ನಿನ್ನಿಂದ.

ಈ ಬೇಸಿಗೆಯಲ್ಲಿ ಬಾ. ಕಿರೀಟ ಪೆಟ್ಟಿಗೆಗೆ ಹಾಕಿಲ್ಲ. ಆ ಕುರ್ಚಿಯೂ ಇದೆ. ಒಂದು ಸಲ ಕೂತುಕೋ, ನಿನ್ನ ತಲೆಯ ಮೇಲೆ ಇಟ್ಟು ನೋಡಬೇಕು. ಏನೂ ಕೇಳುವುದಿಲ್ಲ.

ನಿನ್ನ
ಬ್ರೀತಾ

*

ಕ್ರಿಸ್ಟಿಯಾನಿಯಾ, ೧೧ ಜುಲೈ ೧೮೮೫

ಬ್ರೀತಾ,

ಗುರುವಾರ ಇಲ್ಲಿಂದ ಹೊರಡುತ್ತೇನೆ. ಹಡಗುಕಟ್ಟೆಗೆ ಯಾರನ್ನೂ ಕಳಿಸಬೇಡ, ದಾರಿ ಮರೆತಿಲ್ಲ. ಮಾರ್ತಾಗೆ ಒಂದು ತೊಟ್ಟಿಲ ಹೊದಿಕೆ ತರುತ್ತಿದ್ದೇನೆ, ನಾನೇ ಹೆಣೆದದ್ದು, ಅದಕ್ಕೇ ಸೊಟ್ಟಗಿದೆ. ನೀನು ಬರೆದದ್ದನ್ನು ಅಚ್ಚು ಹಾಕಿಸುವುದಿಲ್ಲ. ಅದು ಯೊರುನ್‌ಳ ಮಾತು, ಬೇಕಾದರೆ ಅವಳೇ ಹೇಳಲಿ.

ನನ್ನ ಮಗು ಬೆರ್ಗೆನ್‌ನಲ್ಲಿ ಮೂರು ವಾರ ಬದುಕಿತ್ತು. ಹೆಣ್ಣು. ಬ್ರೀತಾ ಎಂದು ಹೆಸರಿಟ್ಟಿದ್ದೆ. ಇಷ್ಟು ಪುಸ್ತಕ ಬರೆದರೂ ಈ ಎರಡು ಸಾಲು ಬರೆಯಲು ಇವತ್ತಿನವರೆಗೆ ಕೈ ಏಳಲಿಲ್ಲ.

ಆ ಕುರ್ಚಿಯ ಮೇಲೆ ಕೂರುತ್ತೇನೆ. ನಲವತ್ತನಾಲ್ಕು ವರ್ಷದ ಕುತ್ತಿಗೆ, ನಿನ್ನ ಬೆಳ್ಳಿಯನ್ನು ಹೊರುವಷ್ಟು ಗಟ್ಟಿಯಿದೆ. ಆದರೆ ಏನೂ ಕೇಳುವುದಿಲ್ಲ ಎಂದೆಯಲ್ಲ, ಅದು ಮಾತ್ರ ಬೇಡ. ಬೇರೆ ಯಾರನ್ನೂ ಕೇಳಬೇಡ, ನನ್ನನ್ನು ಕೇಳು. ನಿನ್ನ ಅಮ್ಮ ಕೇಳಿದ ಹಾಗೆಯೇ, ಅದೇ ಮಾತಿನಲ್ಲಿ ಕೇಳು.

ಈ ಸಲ ಹೌದು ಎನ್ನುತ್ತೇನೆ. ಅದು ಸುಳ್ಳಲ್ಲ.

ನಿನ್ನ
ಸುನ್ನಿವಾ